ಮೂಲೆ ಸೇರಿದ ಸಿನಿಮಾವನ್ನು ಗೆಳೆಯರ ಜೊತೆ ಮತ್ತೆ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಒಂದು ಸಿನಿಮಾದ ಹಣೆಬರಹ ಬಿಡುಗಡೆಯಾದ ಮೊದಲ ವಾರದಲ್ಲೇ ಬರೆದಾಗಿರುತ್ತದೆ. ಓಡಿತು, ಇಲ್ಲವೇ ತೋಪಾಯಿತು. ಆಮೇಲೆ ವರ್ಷಗಟ್ಟಲೆ ಅದೇ ಮಾತು ಬಾಯಿಂದ ಬಾಯಿಗೆ ದಾಟುತ್ತದೆ. ಹಾಗೆ ಹೇಳುವವರಲ್ಲಿ ಎಷ್ಟೋ ಜನ ಆ ಸಿನಿಮಾವನ್ನು ನೋಡಿಯೇ ಇರುವುದಿಲ್ಲ. ನೋಡಿದವರಿಗೂ ಜಾಸ್ತಿ ನೆನಪಿರುವುದು ಆಗ ಅದರ ಬಗ್ಗೆ ಕೇಳಿದ್ದು, ಓದಿದ್ದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಸಿನಿಮಾಕ್ಕೆ ಆ ಮಾತು ಚೆನ್ನಾಗಿ ಒಪ್ಪುತ್ತದೆ. ನಾಲ್ಕಾರು ಗೆಳೆಯರು ಸೇರಿ ಇಂಥ ಸಿನಿಮಾಗಳನ್ನು ಮತ್ತೆ ನೋಡುವುದು, ಮತ್ತೆ ತೂಗುವುದು ಹೇಗೆ ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಇಡೀ ಬರಹದ ಹಿಂದೆ ಇರುವ ವಾದ ಒಂದೇ: ಸಿನಿಮಾವನ್ನು ತೂಗುವ ಮೊದಲು ಅದರ ಮೇಲೆ ಬಿದ್ದ ಹಳೆಯ ತೀರ್ಪನ್ನು ತೂಗಬೇಕು. ಆ ತೀರ್ಪು ಕೊಟ್ಟವರು ಯಾವ ಪ್ರತಿ ನೋಡಿದ್ದರು, ಏನು ನಿರೀಕ್ಷಿಸಿ ಹೋಗಿದ್ದರು, ಆಗಿನ ಕಾಲ ಹೇಗಿತ್ತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತ 1: ಗುಂಪು ಕಟ್ಟುವುದು

ಈ ಕೆಲಸ ಒಬ್ಬರೇ ಮಾಡಬಹುದು, ಆದರೆ ಚೆನ್ನಾಗಿ ಆಗುವುದಿಲ್ಲ. ನಮ್ಮ ನೆನಪು ತಪ್ಪಿದರೆ ಅದನ್ನು ನಾವೇ ಹಿಡಿಯುವುದು ಕಷ್ಟ. ಪಕ್ಕದಲ್ಲಿ ಕೂತ ಗೆಳತಿ "ಆ ಸೀನಲ್ಲಿ ಅವನು ಅಳುವುದೇ ಇಲ್ವಲ್ಲ" ಅಂದಾಗಲೇ ಮತ್ತೆ ಹಾಕಿ ನೋಡುತ್ತೇವೆ.

ಸಿನಿಮಾ ಚರಿತ್ರೆಯಲ್ಲಿ ದೊಡ್ಡ ಮರುಮೌಲ್ಯಮಾಪನಗಳು ನಡೆದದ್ದೂ ಗೆಳೆಯರ ಗುಂಪುಗಳಲ್ಲೇ. ಪ್ಯಾರಿಸ್ಸಿನ ಚಿತ್ರ ಸಂಗ್ರಹಾಲಯವಾದ ಸಿನೆಮಾಟೆಕ್‌ನಲ್ಲಿ ಹಳೆಯ ಸಿನಿಮಾಗಳನ್ನು ಮುಗಿಬಿದ್ದು ನೋಡುತ್ತಿದ್ದ ತ್ರೂಫೊ, ಗೊದಾರ್, ರೊಮೇರ್, ರಿವೆತ್, ಶಬ್ರೋಲ್ ಎಂಬ ಹುಡುಗರು 1951ರಲ್ಲಿ ಶುರುವಾದ 'ಕಾಯೆ ದು ಸಿನೆಮಾ' ಪತ್ರಿಕೆಯಲ್ಲಿ ಬರೆಯತೊಡಗಿದರು. ಆಗ ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್ ಅಂದರೆ ಜನರನ್ನು ರಂಜಿಸುವ ಕುಶಲ ಕೆಲಸಗಾರ, ಅಷ್ಟೇ ಎನ್ನುವ ಅಭಿಪ್ರಾಯ ವ್ಯಾಪಕವಾಗಿತ್ತು. ಅವರು ಅದನ್ನು ಒಪ್ಪಲಿಲ್ಲ. 1957ರಲ್ಲಿ ರೊಮೇರ್ ಮತ್ತು ಶಬ್ರೋಲ್ ಇಬ್ಬರೂ ಸೇರಿ ಹಿಚ್‌ಕಾಕ್ ಬಗ್ಗೆ ಪುಸ್ತಕವನ್ನೇ ಬರೆದರು. 1962ರಲ್ಲಿ ತ್ರೂಫೊ ಹಿಚ್‌ಕಾಕ್ ಎದುರು ಕೂತು ದಿನಗಟ್ಟಲೆ ಸಂದರ್ಶನ ಮಾಡಿದರು. ಒಂದೊಂದೇ ಸಿನಿಮಾ ಹಿಡಿದು, ಈ ಶಾಟ್ ಹೀಗೇ ಯಾಕೆ ಅಂತ ಕೇಳುತ್ತಾ ಹೋದರು. ನಮಗೆ ಬೇಕಾದ ಪಾಠ ಅದರಲ್ಲೇ ಇದೆ.

ಗುಂಪಿನಲ್ಲಿ ನಾಲ್ಕರಿಂದ ಆರು ಜನ ಸಾಕು. ಎಂಟು ದಾಟಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಎಲ್ಲರಿಗೂ ಒಂದೇ ರುಚಿ ಇರುವ ಗುಂಪು ಮಾತ್ರ ಬೇಡ. ಪ್ರತಿ ಸಿನಿಮಾಕ್ಕೂ ಮೂರು ಬಗೆಯವರು ಇದ್ದರೆ ಒಳ್ಳೆಯದು: ಹಿಂದೆ ನೋಡಿ ಇಷ್ಟಪಟ್ಟವರು, ಹಿಂದೆ ನೋಡಿ ಬೇಸರಪಟ್ಟವರು, ಒಮ್ಮೆಯೂ ನೋಡದವರು. ಈ ಮೂರನೆಯವರ ಬೆಲೆ ತುಂಬಾ ಜಾಸ್ತಿ. ಸಿನಿಮಾದ ಬಗ್ಗೆ ಯಾವ ಹಳೆಯ ಮಾತೂ ಅವರ ತಲೆಯಲ್ಲಿ ಇರುವುದಿಲ್ಲ. ಅವರಿಗೆ ಕಥೆ ಹೇಳಬೇಡಿ, ಟ್ರೇಲರ್ ತೋರಿಸಬೇಡಿ, "ಕೊನೆಯಲ್ಲಿ ನೋಡು, ದಂಗಾಗ್ತೀಯ" ಅಂತಲೂ ಹೇಳಬೇಡಿ.

ಹಂತ 2: ಸಿನಿಮಾ ಆರಿಸುವುದು

ಮೂಲೆ ಸೇರಿದ ಸಿನಿಮಾಗಳಲ್ಲಿ ಮೂರು ಜಾತಿ ಇದೆ. ಇವನ್ನು ಕಲಸಿದರೆ ಚರ್ಚೆ ದಾರಿ ತಪ್ಪುತ್ತದೆ.

ಒಂದು, ಯಾರೂ ನೋಡದೇ ಹೋದದ್ದು. ಸರಿಯಾದ ಬಿಡುಗಡೆ ಸಿಗಲಿಲ್ಲ, ದುಡ್ಡಿರಲಿಲ್ಲ, ಅದೇ ವಾರ ದೊಡ್ಡ ಸಿನಿಮಾ ಬಂತು. ಇಂಥದ್ದಕ್ಕೆ ಹಳೆಯ ತೀರ್ಪೇ ಇಲ್ಲ, ಹಾಗಾಗಿ ಇಲ್ಲಿ ನೀವೇ ಮೊದಲ ವಿಮರ್ಶಕರು. ಎರಡು, ಜನ ನೋಡಿದರು, ಆದರೆ ಬೇರೇನೋ ಅಂದುಕೊಂಡು ನೋಡಿದರು. ತಪ್ಪಾಗಿ ಅರ್ಥವಾದದ್ದು ಅಂತ ನಾವು ಕರೆಯುವುದು ಇದನ್ನೇ. ಮೂರು, ಜನ ಸರಿಯಾಗಿಯೇ ನೋಡಿದರು, ಸರಿಯಾಗಿಯೇ ಅರ್ಥ ಮಾಡಿಕೊಂಡರು, ಅದಕ್ಕೇ ಸಿಟ್ಟಾದರು. ಈ ಮೂರನೆಯದು ನನಗೆ ತುಂಬಾ ಇಷ್ಟ. ಆಗಿನ ಸಮಾಜಕ್ಕೆ ಎಲ್ಲಿ ನೋವಾಗುತ್ತಿತ್ತು ಅಂತ ಅದು ತೋರಿಸಿಕೊಡುತ್ತದೆ.

ಆರಿಸುವಾಗ ಗುಂಪಿನಲ್ಲಿ ಒಬ್ಬರಾದರೂ "ಇದರಲ್ಲಿ ಏನೋ ಇದೆ" ಅಂತ ಒಂದು ಸೀನ್ ತೋರಿಸಿ ಹೇಳುವಂತಿರಬೇಕು. ಬರೀ "ಇದು ಅಂಡರ್‌ರೇಟೆಡ್ ಅಂತ ಎಲ್ಲೋ ಓದಿದೆ" ಅಂದರೆ ಸಾಲದು. ಈಗಾಗಲೇ ಜಗತ್ತೆಲ್ಲ ಹೊಗಳಿ ಮುಗಿಸಿದ ಸಿನಿಮಾವನ್ನು 'ಕಡೆಗಣಿಸಲ್ಪಟ್ಟದ್ದು' ಅಂತ ಎತ್ತಿಕೊಳ್ಳುವುದೂ ಬೇಡ. ಅಲ್ಲಿ ನೀವು ಹೊಸ ಹೊಗಳಿಕೆಯನ್ನು ಒಪ್ಪಿಸುತ್ತೀರಿ, ಅಷ್ಟೇ. ಕೆಟ್ಟ ಸಿನಿಮಾ ಹಾಕಿ ನಗುವ ಸಂಜೆಗಳೂ ಬೇರೆ ಲೆಕ್ಕ. ನಗಲಿಕ್ಕೆಂದೇ ಕೂತವರಿಗೆ ಸಿನಿಮಾದ ಒಳ್ಳೆಯ ಗಳಿಗೆ ಬಂದರೂ ಕಾಣುವುದಿಲ್ಲ.

ಹಂತ 3: ನೋಡುವ ಮೊದಲು ನೆನಪನ್ನು ಬರೆದಿಡುವುದು

ಹಿಂದೆ ನೋಡಿದವರೆಲ್ಲ, ಮತ್ತೆ ನೋಡುವ ಮೊದಲು, ಅರ್ಧ ಪುಟ ಬರೆಯಬೇಕು. ನೆನಪಿರುವ ದೃಶ್ಯ ಯಾವುದು? ಆಗ ಯಾಕೆ ಇಷ್ಟವಾಯಿತು, ಯಾಕೆ ಆಗಲಿಲ್ಲ? ಎಲ್ಲಿ ನೋಡಿದ್ದು, ಥಿಯೇಟರಿನಲ್ಲಾ, ಟಿವಿಯಲ್ಲಾ? ಪೂರ್ತಿ ನೋಡಿದ್ದಾ? ಯಾರ ಜೊತೆ? ಆಗ ವಯಸ್ಸೆಷ್ಟು? ಗೂಗಲ್ ಮಾಡದೆ, ವಿಕಿಪೀಡಿಯ ತೆರೆಯದೆ ಬರೆಯಿರಿ. ಒಬ್ಬರದನ್ನು ಇನ್ನೊಬ್ಬರು ಓದಬೇಡಿ. ಸಿನಿಮಾ ಮುಗಿದ ಮೇಲೆ ತೆರೆಯಿರಿ.

ಈ ಕಾಗದಕ್ಕೆ ಯಾಕಿಷ್ಟು ಒತ್ತಾಯ ಅಂದರೆ, ಸಿನಿಮಾ ಮತ್ತೆ ನೋಡಿದ ಮೇಲೆ ಹಳೆಯ ನೆನಪು ಹೊಸದರ ಜೊತೆ ಕಲಸಿಹೋಗುತ್ತದೆ. "ನನಗೆ ಮೊದಲಿನಿಂದಲೂ ಹಾಗೇ ಅನಿಸಿತ್ತು" ಅಂತ ಪ್ರಾಮಾಣಿಕವಾಗಿಯೇ ಹೇಳಿಬಿಡುತ್ತೇವೆ. ಕಾಗದ ಇದ್ದರೆ ಏನು ಬದಲಾಯಿತು ಅಂತ ಕಣ್ಣಿಗೆ ಕಾಣುತ್ತದೆ. ಎಷ್ಟೋ ಸಲ ನಾವು ಬರೆದಿಟ್ಟ 'ಮರೆಯಲಾಗದ ದೃಶ್ಯ' ಆ ಸಿನಿಮಾದಲ್ಲಿ ಇರುವುದೇ ಇಲ್ಲ.

ಹಂತ 4: ಹಳೆಯ ತೀರ್ಪಿನ ಮೂಲ ಹುಡುಕುವುದು

ಇದು ಇಡೀ ಕೆಲಸದ ಹೃದಯ. ಗುಂಪಿನಲ್ಲಿ ಹಿಂದೆ ನೋಡಿದ ಒಬ್ಬರು ಈ ಜವಾಬ್ದಾರಿ ಹೊರಲಿ. ಬಿಡುಗಡೆಯ ಸಮಯದ ವಿಮರ್ಶೆಗಳು, ಪೋಸ್ಟರ್, ಜಾಹೀರಾತು, ಅದೇ ತಿಂಗಳು ಬಂದ ಬೇರೆ ಸಿನಿಮಾಗಳು, ನಟರ ಹಿಂದಿನ ಸಿನಿಮಾ, ಸೆನ್ಸಾರ್ ಗಲಾಟೆ, ಕತ್ತರಿ ಪ್ರಯೋಗ, ಇಷ್ಟನ್ನೂ ಒಟ್ಟು ಮಾಡಲಿ. ನೋಡದವರಿಗೆ ಇದನ್ನು ಸಿನಿಮಾ ಆದ ಮೇಲೇ ಹೇಳಬೇಕು. ಹುಡುಕುವಾಗ ಈ ಕಾರಣಗಳ ಮೇಲೆ ಕಣ್ಣಿಡಿ.

ಜನ ನೋಡಿದ್ದು ಪೂರ್ತಿ ಸಿನಿಮಾ ಅಲ್ಲದಿರಬಹುದು. ಸೆರ್ಜಿಯೊ ಲಿಯೋನೆ ಅವರ 'ಒನ್ಸ್ ಅಪಾನ್ ಎ ಟೈಮ್ ಇನ್ ಅಮೆರಿಕ' (1984) ಯುರೋಪಿನಲ್ಲಿ 229 ನಿಮಿಷ ಇತ್ತು. ಅಮೆರಿಕದಲ್ಲಿ ಅದನ್ನು 139 ನಿಮಿಷಕ್ಕೆ ಇಳಿಸಿದರು. ಮುಂದೆ ಹಿಂದೆ ಓಡಾಡುವ ಕಥೆಯನ್ನು ಕಾಲಾನುಕ್ರಮದಲ್ಲಿ ಜೋಡಿಸಿಟ್ಟರು. ಮುದುಕನೊಬ್ಬ ನೆನಪಿಸಿಕೊಳ್ಳುವ ಸಿನಿಮಾದಿಂದ ನೆನಪನ್ನೇ ತೆಗೆದರೆ ಏನು ಉಳಿಯುತ್ತದೆ? ಅಲ್ಲಿನ ವಿಮರ್ಶಕರು ಸೋಲಿಸಿದ್ದು ಆ ಕತ್ತರಿಸಿದ ಪ್ರತಿಯನ್ನು. ಮೈಕಲ್ ಚಿಮಿನೊ ಅವರ 'ಹೆವನ್ಸ್ ಗೇಟ್' ಕಥೆ ಇನ್ನೂ ಜಟಿಲ. 1980ರ ನವೆಂಬರಿನಲ್ಲಿ 219 ನಿಮಿಷದ ಸಿನಿಮಾ ಬಂತು, ವಿಮರ್ಶಕರು ಹರಿಹಾಯ್ದರು, ಸ್ಟುಡಿಯೊ ಹಿಂದಕ್ಕೆ ತೆಗೆದುಕೊಂಡಿತು. ಮುಂದಿನ ವರ್ಷ 149 ನಿಮಿಷದ ಪ್ರತಿ ಬಂತು, ಅದೂ ಓಡಲಿಲ್ಲ. ಚಿತ್ರೀಕರಣದ ಹೊತ್ತಿಗೇ ಅದರ ಅತಿಯಾದ ಖರ್ಚಿನ ಸುದ್ದಿ ಪತ್ರಿಕೆಗಳ ತುಂಬಾ ಇತ್ತು. ಹಾಗಾಗಿ ಆ ವಿಮರ್ಶೆಗಳಲ್ಲಿ ಸಿನಿಮಾದ ಬಗ್ಗೆ ಎಷ್ಟಿದೆ, ದುಡ್ಡಿನ ಬಗ್ಗೆ ಎಷ್ಟಿದೆ ಅಂತ ಬೇರೆ ಮಾಡಿ ಓದಬೇಕು.

ನಿರೀಕ್ಷೆ ಬೇರೆಯೇ ಇದ್ದಿರಬಹುದು. 'ಬ್ಲೇಡ್ ರನ್ನರ್' 1982ರ ಜೂನ್ 25ರಂದು ಬಂತು. ಅದರ ನಾಯಕನಟ ಹ್ಯಾರಿಸನ್ ಫೋರ್ಡ್ ಆಗಷ್ಟೇ ಸಾಹಸದ ಸಿನಿಮಾಗಳ ನಾಯಕನಾಗಿ ಜನರ ಮನಸ್ಸಿನಲ್ಲಿ ಕೂತಿದ್ದರು. ಜನ ಓಟ, ಹೊಡೆದಾಟ ನೋಡಲು ಹೋದರು, ಸಿಕ್ಕಿದ್ದು ಮಳೆ, ಕತ್ತಲೆ, ಸುಸ್ತಾದ ನಾಯಕ. ಅರ್ಥವಾಗದೇ ಹೋದೀತು ಅಂತ ಸ್ಟುಡಿಯೊದವರು ಹಿನ್ನೆಲೆ ನಿರೂಪಣೆ ಸೇರಿಸಿದ್ದರು, ಸುಖಾಂತ್ಯ ಅಂಟಿಸಿದ್ದರು. 1992ರಲ್ಲಿ ಆ ಎರಡನ್ನೂ ತೆಗೆದ ಪ್ರತಿ ಬಂತು, 2007ರಲ್ಲಿ ನಿರ್ದೇಶಕ ರಿಡ್ಲಿ ಸ್ಕಾಟ್ ಅಂತಿಮ ಅಂತ ಒಪ್ಪಿದ ಪ್ರತಿ ಬಂತು.

ಸಿನಿಮಾ ನೋಡುಗರನ್ನೇ ಕೆಣಕಿರಬಹುದು. ಮೈಕಲ್ ಪವೆಲ್ ಬ್ರಿಟನ್ನಿನ ಗೌರವಾನ್ವಿತ ನಿರ್ದೇಶಕ. 1960ರ 'ಪೀಪಿಂಗ್ ಟಾಮ್' ಅವರ ವೃತ್ತಿಗೇ ದೊಡ್ಡ ಪೆಟ್ಟು ಕೊಟ್ಟಿತು. ಕ್ಯಾಮೆರಾ ಹಿಡಿದೇ ಕೊಲ್ಲುವವನ ಕಥೆ ಅದು. ಅವನ ಕ್ಯಾಮೆರಾದೊಳಗಿನಿಂದ ನಾವೂ ನೋಡುತ್ತೇವೆ. ನೋಡುವುದರಲ್ಲಿ ನಮಗೂ ಪಾಲಿದೆ ಅಂತ ಸಿನಿಮಾ ಹೇಳುತ್ತದೆ. ವಿಮರ್ಶಕರಿಗೆ ಅದು ಸಹಿಸಲಾಗದ ಮಾತಾಯಿತು. 1979ರಲ್ಲಿ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ನೆರವಿನಿಂದ ಅಮೆರಿಕದಲ್ಲಿ ಮತ್ತೆ ತೆರೆಕಂಡ ಮೇಲೆ ಮಾತು ಬದಲಾಯಿತು. ಜಾನ್ ರೆನ್ವಾರ್ ಅವರ 'ರೂಲ್ಸ್ ಆಫ್ ದ ಗೇಮ್' 1939ರ ಜುಲೈನಲ್ಲಿ ಬಂದಾಗ ಪ್ಯಾರಿಸ್ಸಿನ ಪ್ರೇಕ್ಷಕರು ಕೂಗಾಡಿದರು. ರೆನ್ವಾರ್ ಕತ್ತರಿಸುತ್ತಾ ಹೋದರು. ಅದೇ ವರ್ಷ ಸರ್ಕಾರ ಅದನ್ನು ನಿಷೇಧಿಸಿತು. ಯುದ್ಧದಲ್ಲಿ ಬಾಂಬ್ ಬಿದ್ದು ಮೂಲ ನೆಗೆಟಿವ್ ಹಾಳಾಯಿತು. ಕೊನೆಗೆ ಇಬ್ಬರು ಅಭಿಮಾನಿಗಳು ಉಳಿದ ತುಣುಕುಗಳನ್ನು ಹುಡುಕಿ, ರೆನ್ವಾರ್ ಒಪ್ಪಿಗೆಯೊಂದಿಗೆ, 1959ರಲ್ಲಿ ಮತ್ತೆ ಕಟ್ಟಿದರು. ನಮ್ಮ ಕನ್ನಡದ 'ಸಂಸ್ಕಾರ'ವನ್ನೂ (1970) ಮೊದಲು ಸೆನ್ಸಾರ್ ತಡೆದಿತ್ತು. ಆಮೇಲೆ ಬಿಡುಗಡೆಯಾಗಿ ಅತ್ಯುತ್ತಮ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆಯಿತು.

ಕೆಲವೊಮ್ಮೆ ಸಿನಿಮಾದ ಅದೃಷ್ಟ ಬದಲಾಗುವುದು ಕಲೆಗೆ ಸಂಬಂಧವೇ ಇಲ್ಲದ ಕಾರಣಕ್ಕೆ. 'ಇಟ್ಸ್ ಎ ವಂಡರ್‌ಫುಲ್ ಲೈಫ್' (1946) ಬಂದಾಗ ಗಳಿಕೆ ನಿರಾಸೆ ತಂದಿತ್ತು. 1974ರಲ್ಲಿ ಅದರ ಕಾಪಿರೈಟ್ ನವೀಕರಿಸದೆ ಬಿಟ್ಟುಹೋಯಿತು. ಹಕ್ಕಿನ ದುಡ್ಡು ಕೊಡಬೇಕಿಲ್ಲ ಅಂತ ಅಮೆರಿಕದ ಟಿವಿ ವಾಹಿನಿಗಳು ಅದನ್ನು ಮತ್ತೆ ಮತ್ತೆ ಹಾಕಿದವು, ಹೊಸ ತಲೆಮಾರು ಅದನ್ನು ಮನೆಯ ಸಿನಿಮಾ ಮಾಡಿಕೊಂಡಿತು. ಇದಕ್ಕೆ ತದ್ವಿರುದ್ಧ ಹಿಚ್‌ಕಾಕ್ ಅವರ 'ವರ್ಟಿಗೋ' (1958). ಹಕ್ಕುಗಳ ಕಾರಣಕ್ಕೆ ಅದು 1973ರಿಂದ ಸುಮಾರು 10 ವರ್ಷ ನೋಡಲು ಸಿಗುತ್ತಲೇ ಇರಲಿಲ್ಲ. ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ, ಸಾರ್ವಕಾಲಿಕ ಶ್ರೇಷ್ಠ ಸಿನಿಮಾಗಳು ಯಾವುವು ಅಂತ 10 ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. ಅದರಲ್ಲಿ ವರ್ಟಿಗೋ ಮೊದಲ ಬಾರಿಗೆ ಹತ್ತರೊಳಗೆ ಬಂದದ್ದು 1982ರಲ್ಲಿ, ಅಂದರೆ ಯಾರಿಗೂ ಸುಲಭವಾಗಿ ಸಿಗದಿದ್ದ ಹೊತ್ತಿನಲ್ಲೇ! 2012ರಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಸಿಗದಿರುವುದು ಸಿನಿಮಾವನ್ನು ಮರೆಸಬಹುದು, ಆಸೆ ಹೆಚ್ಚಿಸಿ ಎತ್ತರಕ್ಕೂ ಏರಿಸಬಹುದು. ಹೊಗಳಿಕೆಯ ಮೂಲವನ್ನೂ ತೆಗಳಿಕೆಯ ಮೂಲದಷ್ಟೇ ಅನುಮಾನದಿಂದ ನೋಡಿ.

ಹಂತ 5: ಸರಿಯಾದ ಪ್ರತಿ, ಸರಿಯಾದ ಪರದೆ

ಮೇಲಿನ ಹುಡುಕಾಟದಿಂದ ಯಾವ ಪ್ರತಿ ನೋಡಬೇಕು ಅಂತ ಗೊತ್ತಾಗಿರುತ್ತದೆ. ಈಗ ನಿಮ್ಮ ಕೈಯಲ್ಲಿರುವುದು ಅದೇನಾ ಅಂತ ನೋಡಿ. ಮೊದಲು ಅವಧಿ ಹೋಲಿಸಿ. ಸ್ವಲ್ಪ ಕಡಿಮೆ ಬಂದರೆ ತಕ್ಷಣ ಕತ್ತರಿಸಿದ್ದಾರೆ ಅಂದುಕೊಳ್ಳಬೇಡಿ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಯುರೋಪ್ ಮತ್ತು ನಮ್ಮ ಕಡೆಯ ಹಳೆಯ ಟಿವಿ ಪದ್ಧತಿಗೆ 25 ಚೌಕಟ್ಟಿನಲ್ಲಿ ಓಡಿಸುತ್ತಿದ್ದರು. ಆಗ 100 ನಿಮಿಷದ ಸಿನಿಮಾ 96 ನಿಮಿಷಕ್ಕೇ ಮುಗಿಯುತ್ತದೆ, ದನಿಗಳೂ ಒಂಚೂರು ತೆಳುವಾಗುತ್ತವೆ. ಅದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕತ್ತರಿ ಬಿದ್ದಿದೆ.

ಆಮೇಲೆ ಚಿತ್ರದ ಆಕಾರ. ಹಳೆಯ ಸಿನಿಮಾಗಳು ಹೆಚ್ಚುಕಡಿಮೆ ಚೌಕದ ಹಾಗೆ ಇರುತ್ತವೆ, ಸಿನಿಮಾಸ್ಕೋಪ್ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಟಿವಿಯ ಪರದೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿದ, ಇಲ್ಲವೇ ಅಕ್ಕಪಕ್ಕ ಕತ್ತರಿಸಿದ ಪ್ರತಿಗಳು ಇನ್ನೂ ಓಡಾಡುತ್ತಿವೆ. ಕಪ್ಪು ಪಟ್ಟಿ ಬಂದರೆ ಬರಲಿ, ಚಿತ್ರ ಪೂರ್ತಿ ಇರಲಿ. ಟಿವಿಯಲ್ಲಿ ಚಲನೆಯನ್ನು ನುಣುಪಾಗಿಸುವ ಮೋಷನ್ ಸ್ಮೂದಿಂಗ್ ಅನ್ನುವ ಸೌಲಭ್ಯ ಸಾಮಾನ್ಯವಾಗಿ ಆನ್ ಆಗಿರುತ್ತದೆ, ಬೇರೆ ಬೇರೆ ಕಂಪನಿ ಬೇರೆ ಬೇರೆ ಹೆಸರಿಡುತ್ತದೆ. ಅದನ್ನು ಆಫ್ ಮಾಡಿ. ಆನ್ ಇದ್ದರೆ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ಕೆಲವು ಟಿವಿಗಳಲ್ಲಿ ಫಿಲ್ಮ್‌ಮೇಕರ್ ಮೋಡ್ ಇರುತ್ತದೆ, ಅದನ್ನು ಹಾಕಿದರೆ ಇದು ತಾನಾಗಿಯೇ ಆಫ್ ಆಗುತ್ತದೆ. ಸಬ್‌ಟೈಟಲ್ ಮೊದಲೇ ಐದು ನಿಮಿಷ ಪರೀಕ್ಷಿಸಿ. ಕೆಟ್ಟ ಸಬ್‌ಟೈಟಲ್ಲಿನಿಂದ ನಗೆಹಾಸ್ಯದ ಸಿನಿಮಾವೂ ಪೆದ್ದಾಗಿ ಕಾಣುತ್ತದೆ.

ಪುನರುಜ್ಜೀವಿತ ಪ್ರತಿ ಸಿಗುವುದಾದರೆ ಕಾಯುವುದೇ ಲೇಸು. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ'ವನ್ನು (1977) ಹಾಗೆ ಸರಿಪಡಿಸಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಮಸುಕಾದ, ಗೀರುಬಿದ್ದ ಪ್ರತಿ ನೋಡಿ "ನಿಧಾನ, ಕತ್ತಲೆ" ಅಂತ ಹೇಳುವಾಗ ಆ ಕತ್ತಲೆ ಯಾರದ್ದು ಅಂತ ಯೋಚಿಸಿ. ಛಾಯಾಗ್ರಾಹಕರದ್ದೋ, ಹಳೆಯ ಪ್ರಿಂಟಿನದ್ದೋ?

ಹಂತ 6: ನೋಡುವುದು

ಇದರಲ್ಲಿ ಹೇಳುವುದು ಕಡಿಮೆ. ಎಲ್ಲರೂ ಒಟ್ಟಿಗೆ, ಒಂದೇ ಕೋಣೆಯಲ್ಲಿ, ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ನೋಡಿ. ಇಂಟರ್ವಲ್ ಇದ್ದರೆ ಅಲ್ಲಿ ಮಾತ್ರ ಏಳಿ, ಸಿನಿಮಾದ ಬಗ್ಗೆ ಮಾತಾಡಬೇಡಿ. ಮೊಬೈಲ್ ಬೇರೆ ಕೋಣೆಯಲ್ಲಿ ಇರಲಿ. ನೋಡುತ್ತಾ ಬರೆಯುವವರು ಒಂದೆರಡು ಪದ ಗೀಚಿದರೆ ಸಾಕು, ಕಣ್ಣು ಪರದೆ ಬಿಡಬಾರದು.

ನಿಧಾನದ ಸಿನಿಮಾ ಆದರೆ ಒಂದು ಮಾತು. ಶಾಂತಾಲ್ ಅಕರ್‌ಮನ್ ಅವರ 'ಜಾನ್ ಡೀಲ್ಮನ್' (1975) 201 ನಿಮಿಷ ಇದೆ. ಒಬ್ಬ ವಿಧವೆಯ ಮೂರು ದಿನದ ದಿನಚರಿ. ಮೊದಲ ದಿನ ಎಲ್ಲ ಅಚ್ಚುಕಟ್ಟು. ಎರಡನೆಯ ದಿನ ಆಲೂಗಡ್ಡೆ ಜಾಸ್ತಿ ಬೆಂದುಹೋಗುತ್ತದೆ. ನೋಡಲು ಸಣ್ಣ ಸಂಗತಿ, ಆದರೆ ಮೊದಲ ದಿನವನ್ನು ತಾಳ್ಮೆಯಿಂದ ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ. 2012ರಲ್ಲಿ ಮೊದಲ ಹತ್ತರಲ್ಲೂ ಇರದಿದ್ದ ಈ ಸಿನಿಮಾ 2022ರಲ್ಲಿ ಸೈಟ್ ಅಂಡ್ ಸೌಂಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಫಾಸ್ಟ್ ಫಾರ್ವರ್ಡ್ ಮಾಡಿ ನೋಡಿದವರಿಗೆ ಅದು ಯಾಕೆ ಅಂತ ಎಂದಿಗೂ ತಿಳಿಯುವುದಿಲ್ಲ.

ಹಂತ 7: ಮಾತುಕತೆ

ಸಿನಿಮಾ ಮುಗಿದ ಕೂಡಲೇ ಬಾಯಿ ಬಿಡಬೇಡಿ. ಹತ್ತು ನಿಮಿಷ ಎಲ್ಲರೂ ಸುಮ್ನೆ ಕೂತು ಬರೆಯಲಿ. ಇಲ್ಲದಿದ್ದರೆ ಮೊದಲು ಮಾತಾಡಿದವರ ಅಭಿಪ್ರಾಯವೇ ಗುಂಪಿನ ಅಭಿಪ್ರಾಯ ಆಗಿಬಿಡುತ್ತದೆ. ಗುಂಪಿನಲ್ಲಿ ಜೋರು ದನಿಯವರು ಒಬ್ಬರು ಇದ್ದೇ ಇರುತ್ತಾರೆ, ಅಲ್ವಾ? ಅವರಿಗೆ ಕೊನೆಯ ಸರದಿ. ಮೊದಲ ಸರದಿ ಸಿನಿಮಾವನ್ನು ಹೊಸದಾಗಿ ನೋಡಿದವರಿಗೆ.

ಮೊದಲ ಸುತ್ತಿನಲ್ಲಿ ತೀರ್ಪು ಬೇಡ, ವರ್ಣನೆ ಮಾತ್ರ. ಏನು ಕಂಡೆ, ಏನು ಕೇಳಿಸಿತು. "ಚೆನ್ನಾಗಿತ್ತು", "ಬೋರ್ ಹೊಡೀತು" ಎರಡೂ ಇಲ್ಲ. ಎರಡನೆಯ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮಗೆ ಅನಿಸಿದ್ದಕ್ಕೆ ಎದುರು ಮಾತಾಡಬೇಕು. ಇಷ್ಟಪಟ್ಟವರು ಸಿನಿಮಾದ ದೊಡ್ಡ ಕೊರತೆ ಹೇಳಲಿ. ಇಷ್ಟಪಡದವರು ಅತ್ಯಂತ ಒಳ್ಳೆಯ ಗಳಿಗೆ ಯಾವುದು ಅಂತ ತೋರಿಸಲಿ. ಇದು ಆಟ ಅಲ್ಲ. ಎದುರು ಪಕ್ಷದ ಮಾತನ್ನು ಅವರೇ ಮೆಚ್ಚುವಷ್ಟು ಚೆನ್ನಾಗಿ ಹೇಳಲು ಬರದಿದ್ದರೆ ನಾವು ಸಿನಿಮಾವನ್ನು ಅರ್ಧವೇ ನೋಡಿದ್ದೇವೆ ಎಂದರ್ಥ.

ಮೂರನೆಯ ಸುತ್ತಿನಲ್ಲಿ ಜಗಳ ಶುರುವಾಗಲಿ. ನಿಯಮ ಒಂದೇ: ಏನು ಹೇಳಿದರೂ ಒಂದು ದೃಶ್ಯದ ಮೇಲೆ ಬೆರಳಿಟ್ಟು ಹೇಳಬೇಕು. ಒಪ್ಪಿಗೆ ಆಗದಿದ್ದರೆ ಆ ದೃಶ್ಯವನ್ನು ಮತ್ತೆ ಹಾಕಿ.

ಗುರುದತ್ ಅವರ 'ಕಾಗಜ್ ಕೆ ಫೂಲ್' (1959) ತೆಗೆದುಕೊಳ್ಳಿ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಮಕಾಡೆ ಮಲಗಿತು. ಗುರುದತ್ ಮತ್ತೆಂದೂ ತಮ್ಮ ಹೆಸರಿನಲ್ಲಿ ನಿರ್ದೇಶನ ಮಾಡಲಿಲ್ಲ. ಸಿನಿಮಾ ನಿರ್ದೇಶಕನೊಬ್ಬ ಮೇಲಿಂದ ಬಿದ್ದು ನಾಶವಾಗುವ ಕಥೆ. ಇದರ ಮೇಲಿನ ಹಳೆಯ ದೂರು, "ಬರೀ ಸ್ವಮರುಕ". ಒಬ್ಬರು ಅದನ್ನೇ ಹೇಳಿದರು ಅನ್ನಿ. ಆಗ ಗೀತಾ ದತ್ ಹಾಡಿದ 'ವಕ್ತ್ ನೇ ಕಿಯಾ' ಎಂಬ ಪ್ರಸಿದ್ಧ ಹಾಡಿನ ದೃಶ್ಯ ಹಾಕಿ. ಖಾಲಿ ಸ್ಟುಡಿಯೊ. ಮೇಲಿನಿಂದ ಓರೆಯಾಗಿ ಬೆಳಕಿನ ಒಂದು ದಪ್ಪ ಕೋಲು ಇಳಿದಿದೆ. ಗುರುದತ್ ಒಂದು ಕಡೆ, ವಹೀದಾ ರೆಹಮಾನ್ ಇನ್ನೊಂದು ಕಡೆ, ನಡುವೆ ಆ ಅಗಲ ಪರದೆಯ ಕತ್ತಲೆಯೆಲ್ಲ. ಹಾಡು ಕೇಳುತ್ತದೆ, ಯಾರ ತುಟಿಯೂ ಅಲುಗುವುದಿಲ್ಲ. ಇಬ್ಬರೂ ಬಿಟ್ಟು ಹೋಗಲಾರರು, ಹತ್ತಿರವೂ ಬರಲಾರರು. ಅವರ ದೇಹದಿಂದ ಎರಡು ಮಸುಕು ರೂಪಗಳು ಹೊರಟು ಆ ಬೆಳಕಿನಲ್ಲಿ ಸೇರುತ್ತವೆ. ಮೈಸೂರಿನ ವಿ.ಕೆ. ಮೂರ್ತಿ ಇದರ ಛಾಯಾಗ್ರಾಹಕರು. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೊ ಒಳಗೆ ತಿರುಗಿಸಿ ಆ ಬೆಳಕನ್ನು ಪಡೆದರು. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ.

ಈಗ ಕೇಳಿ: ಇದು ಸ್ವಮರುಕವೇ? ಸ್ವಮರುಕ ಅನ್ನುವವರು ಗುರುದತ್ ಮುಖದ ಮೇಲೆ ಕ್ಯಾಮೆರಾ ನಿಲ್ಲುವ ಬೇರೆ ಗಳಿಗೆಗಳನ್ನು ತೋರಿಸಬಹುದು, ಅವರ ಮಾತಿನಲ್ಲೂ ಹುರುಳಿದೆ. ಅಲ್ಲ ಅನ್ನುವವರು, ಇಲ್ಲಿ ಇಬ್ಬರಿಗೂ ಸಮಪಾಲು ಇದೆ, ದುಃಖಕ್ಕಿಂತ ಅಂತರವೇ ಎದ್ದು ಕಾಣುತ್ತದೆ ಅನ್ನಬಹುದು. ಅಕ್ಕಪಕ್ಕ ಕತ್ತರಿಸಿದ ಟಿವಿ ಪ್ರತಿಯಲ್ಲಿ ಆ ಅಂತರವೇ ಹೋಗಿಬಿಡುತ್ತದೆ, ಹಾಗಾಗಿ ಅದನ್ನು ನೋಡಿ ಬೆಳೆದವರಿಗೆ ಮುಖಗಳಷ್ಟೇ ನೆನಪಿವೆ. ಐದನೆಯ ಹಂತವನ್ನು ಯಾರೂ ಹಾರಿಸಬಾರದು ಅನ್ನುವುದು ಇದಕ್ಕೇ.

ಮಾತಿನ ಗುಣಮಟ್ಟ ಅಳೆಯಲು ಸುಲಭದ ದಾರಿ ಇದೆ. "ಕಾಲಕ್ಕಿಂತ ಮುಂದಿತ್ತು" ಎಂಬ ಮಾತು ಯಾವ ಸಿನಿಮಾಕ್ಕೂ ಅಂಟುತ್ತದೆ, ಹಾಗಾಗಿ ಅದರಿಂದ ಏನೂ ತಿಳಿಯುವುದಿಲ್ಲ. "ವರ್ಟಿಗೋ ತನ್ನ ರಹಸ್ಯವನ್ನು ಕೊನೆಗೆ ಇನ್ನೂ ಸಾಕಷ್ಟು ಹೊತ್ತಿರುವಾಗಲೇ ಒಂದು ಪತ್ರದ ದೃಶ್ಯದಲ್ಲಿ ಬಿಟ್ಟುಕೊಡುತ್ತದೆ, ಪತ್ತೇದಾರಿ ಕಥೆ ಬಯಸಿದವರಿಗೆ ಅದು ತಪ್ಪಾಗಿ ಕಂಡಿತು, ಆದರೆ ಅಲ್ಲಿಂದ ಮುಂದೆ ನಾವು ನಾಯಕನ ಬದಲು ಆ ಹೆಂಗಸಿನ ಸಂಕಟ ನೋಡತೊಡಗುತ್ತೇವೆ" ಅನ್ನುವುದು ಆ ಒಂದು ಸಿನಿಮಾಕ್ಕೆ ಮಾತ್ರ ಅಂಟುತ್ತದೆ. ಅಂಥ ವಾಕ್ಯ ಸಂಜೆಗೆ ಒಂದು ಹುಟ್ಟಿದರೂ ಸಾಕು.

ಹಂತ 8: ಕಾಲ ಬದಲಾದ ಪ್ರಶ್ನೆ

ಹಳೆಯ ಸಿನಿಮಾದಲ್ಲಿ ಹೆಣ್ಣಿನ ಬಗ್ಗೆ, ಜಾತಿಯ ಬಗ್ಗೆ, ಮೈಬಣ್ಣದ ಬಗ್ಗೆ ಇಂದು ಒಪ್ಪಲಾಗದ ಮಾತು ಬಂದೇ ಬರುತ್ತದೆ. "ಆಗ ಹಾಗೇ ಇತ್ತು ಬಿಡು" ಅಂತ ದಾಟಿಸಬೇಡಿ. "ಇದೊಂದೇ ಸಾಕು, ಮುಚ್ಚಿ" ಅಂತಲೂ ಬೇಡ. ಆ ಮಾತು ಪಾತ್ರದ್ದೋ, ಸಿನಿಮಾದ್ದೋ ಅಂತ ನೋಡಿ. ಅವಮಾನ ಮಾಡಿದವನ ಮೇಲೆ ಕ್ಯಾಮೆರಾ ಇದೆಯೋ, ಅವಮಾನಗೊಂಡವರ ಮೇಲೋ? ಆ ಮಾತಿನ ನಂತರ ಹಿನ್ನೆಲೆ ಸಂಗೀತ ನಗಿಸಲು ನೋಡುತ್ತದೆಯೋ, ನಿಂತುಬಿಡುತ್ತದೆಯೋ? ಸಾಮಾನ್ಯವಾಗಿ ಉತ್ತರ ಇಲ್ಲಿ ಸಿಗುತ್ತದೆ. ಗುಂಪಿನಲ್ಲಿ ಯಾರಿಗಾದರೂ ಆ ದೃಶ್ಯ ನೇರವಾಗಿ ನೋಯಿಸುವಂಥದ್ದಾದರೆ ಮೊದಲು ಅವರ ಮಾತು ಕೇಳಿ. ಅವರು ಮಾತಾಡಲು ಬಯಸದಿದ್ದರೆ ಬಲವಂತ ಮಾಡಬೇಡಿ.

ಹಂತ 9: ತೀರ್ಪು ಬರೆದಿಡುವುದು

ಹತ್ತಕ್ಕೆ ಏಳು, ಐದಕ್ಕೆ ಮೂರು ನಕ್ಷತ್ರ, ಇವೆಲ್ಲ ನನಗೆ ಸೇರುವುದಿಲ್ಲ. ಅಂಕ ಕೊಟ್ಟ ಕೂಡಲೇ ಚರ್ಚೆ ಅಂಕದ ಸುತ್ತ ತಿರುಗುತ್ತದೆ. ಅದರ ಬದಲು ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಹಳೆಯ ತೀರ್ಪು ಎಲ್ಲಿ ತಪ್ಪಿತ್ತು? ಎಲ್ಲಿ ಸರಿಯಿತ್ತು? ಈಗ ನಾವು ನೋಡಿದ್ದರಲ್ಲಿ ಯಾವ ದೃಶ್ಯಕ್ಕಾಗಿ ಇದನ್ನು ಬೇರೆಯವರಿಗೆ ತೋರಿಸಬಹುದು?

ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ಕಡೆಗಣಿಸಿದ ಸಿನಿಮಾವೆಲ್ಲ ರತ್ನ ಅಲ್ಲ. ಎಷ್ಟೋ ಸಿನಿಮಾಗಳು ನ್ಯಾಯವಾಗಿಯೇ ಸೋತಿವೆ. "ಆಗಿನವರು ಹೇಳಿದ್ದೇ ಸರಿ, ಕಥೆ ಅರ್ಧಕ್ಕೇ ಕುಸಿಯುತ್ತದೆ, ಆದರೆ ಮೊದಲ 20 ನಿಮಿಷ ಅದ್ಭುತ" ಅನ್ನುವುದು ಒಳ್ಳೆಯ ಫಲಿತಾಂಶ. ಪ್ರತಿಸಲ ರತ್ನವೇ ಸಿಗುತ್ತಿದ್ದರೆ ಗುಂಪು ಪ್ರಾಮಾಣಿಕವಾಗಿ ನೋಡುತ್ತಿಲ್ಲ ಅಂತಲೇ ಲೆಕ್ಕ. ಒಮ್ಮತ ಬರದಿದ್ದರೆ ಎರಡೂ ಅಭಿಪ್ರಾಯ ಹೆಸರು ಸಮೇತ ಬರೆದಿಡಿ. ಕೆಲವು ವರ್ಷ ಬಿಟ್ಟು ತೆರೆದಾಗ ನಿಮ್ಮದೇ ತೀರ್ಪನ್ನೂ ಇದೇ ರೀತಿ ತೂಗಬೇಕಾಗುತ್ತದೆ.

ಹಂತ 10: ಬೇರೆಯವರಿಗೆ ದಾಟಿಸುವುದು

ಸಿನಿಮಾ ನಿಜವಾಗಿಯೂ ಚೆನ್ನಾಗಿದೆ ಅನಿಸಿದರೆ ಅದು ನಿಮ್ಮ ಗುಂಪಿನಲ್ಲೇ ಉಳಿಯಬಾರದು. ಬರೆಯುವಾಗ ಹಳಬರನ್ನು ಬೈಯುತ್ತಾ ಶುರುಮಾಡಬೇಡಿ. ಆಗಿನ ವಿಮರ್ಶಕರು ದಡ್ಡರಲ್ಲ, ಅವರ ಮುಂದೆ ಬೇರೆ ಪ್ರತಿ, ಬೇರೆ ನಿರೀಕ್ಷೆ ಇತ್ತು. ಅದನ್ನು ಹೇಳಿ, ಆಮೇಲೆ ನಿಮ್ಮ ಆ ಒಂದು ದೃಶ್ಯವನ್ನು ಓದುಗರ ಕಣ್ಣಿಗೆ ಕಟ್ಟುವ ಹಾಗೆ ಬರೆಯಿರಿ. ಅತಿಯಾಗಿ ಹೊಗಳಿದರೆ ಮುಂದಿನ ನೋಡುಗರಿಗೆ ಮತ್ತೊಂದು ಸುಳ್ಳು ನಿರೀಕ್ಷೆ ಕಟ್ಟಿಕೊಟ್ಟಂತೆ. 'ಮಹಾನ್ ಕೃತಿ' ಅನ್ನುವ ಬದಲು ಯಾರಿಗೆ ಹಿಡಿಸಬಹುದು, ಎಲ್ಲಿ ತಾಳ್ಮೆ ಬೇಕಾಗುತ್ತದೆ ಅಂತ ಬರೆಯಿರಿ. ಕೊನೆಯಲ್ಲಿ ನೀವು ನೋಡಿದ ಪ್ರತಿಯ ಅವಧಿ, ಅದು ಯಾವ ವರ್ಷ ಸರಿಪಡಿಸಿದ್ದು, ಎಲ್ಲಿ ಸಿಗುತ್ತದೆ ಎಂಬುದನ್ನು ತಪ್ಪದೆ ಸೇರಿಸಿ. ನಿಮ್ಮ ಮಾತು ನಂಬಿ ಹುಡುಕಲು ಹೊರಟವರಿಗೆ ಕತ್ತರಿಸಿದ ಪ್ರತಿ ಸಿಕ್ಕಿಬಿಟ್ಟರೆ ಅವರು ಹಳೆಯ ತೀರ್ಪಿಗೇ ವಾಪಸ್ ಹೋಗುತ್ತಾರೆ.